ಗುಂಡಿಯ ಅಂಚಿನಲ್ಲಿ ನಿಂತ ಕವಿತೆ

ಪತ್ರಿಕೆಗೆ ಬಂದ ಕವಿತೆಗಳ ಒಂದು ಕಟ್ಟನ್ನು ಸಂಪಾದಕ ಗೆಳೆಯರು ನನ್ನ ಕೈಗಿಟ್ಟು, 'ಇವುಗಳ ಬಗ್ಗೆ ನಾಲ್ಕು ಮಾತು ಬರಿ. ನೀನೂ ಇಂಥವನ್ನೇ ಬರೆದವನಲ್ವಾ' ಅಂದರು. ಮಾತಲ್ಲಿ ಸಣ್ಣ ಮುಳ್ಳಿತ್ತು. ಕಟ್ಟು ಬಿಚ್ಚಿದರೆ ಹನ್ನೊಂದು ಕವಿತೆ. ಹನ್ನೊಂದೂ ಮ್ಯಾನ್‌ಹೋಲಿನಲ್ಲಿ, ಕಕ್ಕಸ್ಸಿನ ಗುಂಡಿಯಲ್ಲಿ ಉಸಿರುಕಟ್ಟಿ ಸತ್ತ ನಮ್ಮ ಜನರನ್ನು ಕುರಿತವು. ಬರೆದವರಲ್ಲಿ ಹಳ್ಳಿ ಮೇಷ್ಟ್ರುಗಳಿದ್ದಾರೆ, ಹಾಸ್ಟೆಲ್ ಹುಡುಗರಿದ್ದಾರೆ, ಒಬ್ಬರು ಬ್ಯಾಂಕಿನ ನೌಕರರು, ಒಬ್ಬಳು ಡಿಗ್ರಿ ಓದುವ ಹುಡುಗಿ. ಎಲ್ಲರೂ ನಮ್ಮವರೇ. ಯಾರ ಪ್ರಾಮಾಣಿಕತೆಯನ್ನೂ ನಾನು ಅನುಮಾನಿಸುವುದಿಲ್ಲ. ಅನುಮಾನಿಸಲಾಗದ್ದರಿಂದಲೇ ಈ ವಿಮರ್ಶೆ ಬರೆಯುವುದು ಕಷ್ಟವಾಗಿದೆ. ಎದುರಾಳಿಯ ಕವಿತೆಯನ್ನು ಬಯ್ಯೋದು ಸಲೀಸು. ಜೊತೆಯಲ್ಲಿ ಕೂತು ಮುದ್ದೆ ಉಂಡವನ ಕವಿತೆಯನ್ನು ಸುಳ್ಳು ಅನ್ನಬೇಕಾದರೆ ಗಂಟಲು ಹಿಡಿಯುತ್ತದೆ.

ಮೊದಲು ಕವಿತೆಗಳಲ್ಲಿ ಏನಿದೆ ಅಂತ ನೋಡೋಣ. ಹನ್ನೊಂದರಲ್ಲಿ ಒಂಬತ್ತರಲ್ಲಿ 'ನಾತ' ಇದೆ. ನಾರುವ ಕತ್ತಲು, ನಾರುವ ವ್ಯವಸ್ಥೆ, ನಾರುವ ದೇಶ. ಒಂದು ಕವಿತೆಯಲ್ಲಿ ನಾತವೇ ಹಾವಾಗಿ ಬಂದು ಕೊರಳು ಸುತ್ತಿ ಕೊಲ್ಲುತ್ತದೆ. ಓದುವಾಗ ಮೈ ಬಿಸಿಯಾಗುತ್ತದೆ, ಒಪ್ಪುತ್ತೇನೆ. ಆದರೆ ಗುಂಡಿಯಲ್ಲಿ ಮನುಷ್ಯ ಸಾಯುವುದು ಹಾಗಲ್ಲ. ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹುಟ್ಟುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಒಂದು. ಅದು ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹೆಚ್ಚಾದಾಗ ಮೂಗಿನ ವಾಸನೆ ತಿಳಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ. ಇಳಿದವನಿಗೆ 'ನಾತ ಹೋಯ್ತು, ಈಗ ಪರವಾಗಿಲ್ಲ' ಅನ್ನಿಸಿದ ಗಳಿಗೆಯೇ ಅವನ ಕೊನೆಯ ಗಳಿಗೆ ಇರಬಹುದು. ಮೇಲಿದ್ದವನು ಹಗ್ಗ ಜಗ್ಗುತ್ತಾನೆ, ಅಲುಗಾಟವಿಲ್ಲ, ಕೂಗುತ್ತಾನೆ, ಸದ್ದಿಲ್ಲ, ಎತ್ತಲು ತಾನೂ ಇಳಿಯುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿ ಮತ್ತೆ ಮತ್ತೆ ಬರುವುದು ಇದರಿಂದ.

ಈಗ ಹೇಳಿ, ನಾತವೇ ಕೊಲ್ಲುತ್ತದೆ ಎಂದು ಬರೆದ ಕವಿ ಯಾವ ಸಾವನ್ನು ಕುರಿತು ಬರೆದ? ನಾತ ಅಂಚಿನಲ್ಲಿ ನಿಂತವನ ಅನುಭವ. ಮೂಗಿಗೆ ಕರ್ಚೀಫು ಹಿಡಿದು ಬಗ್ಗಿ ನೋಡಿದವನದು. ಒಳಗಿದ್ದವನ ಸಾವಿನಲ್ಲಿ ಆ ನಾತವೂ ಇರಲಿಲ್ಲ. ಎಂಥ ಕಾವ್ಯ ಅಲ್ಲಿತ್ತು, ಯಾವ ಕಲ್ಪನೆಗೂ ಎಟುಕದ ಭೀಕರತೆ ಅಲ್ಲಿತ್ತು, ನಮ್ಮ ಒಂಬತ್ತು ಕವಿಗಳು ಅದರ ಪಕ್ಕದಲ್ಲೇ ಹಾದು ಹೋಗಿ ಸಿದ್ಧವಿದ್ದ ಪ್ರತಿಮೆಯೊಂದನ್ನು ಎತ್ತಿಕೊಂಡು ಬಂದರು. ನವ್ಯರ ಮೇಲೆ ನಾವು ಹೊರಿಸಿದ ಆರೋಪ ನೆನಪಿದೆಯೇ? ಬದುಕು ಕಾಣದೆ ಪ್ರತಿಮೆ ಹೆಣೆದರು ಅಂತ. ಅದೇ ಆರೋಪವನ್ನು ಈಗ ಯಾರಾದರೂ ನಮ್ಮ ಕಡೆಗೆ ತಿರುಗಿಸಿದರೆ ಏನು ಉತ್ತರ ಕೊಡ್ತೀವಿ?

ಹತ್ತನೆಯ ಕವಿತೆ ನನ್ನದು. ಹೌದು, ಆ ಕಟ್ಟಿನಲ್ಲಿ ನನ್ನದೂ ಇತ್ತು. ಸಂಪಾದಕರು ಬೇಕೆಂದೇ ಸೇರಿಸಿದ್ದರು. ಅದರ ಕತೆ ಹೇಳದೆ ಬೇರೆಯವರ ಕವಿತೆಯ ಮೇಲೆ ಕೈಯೆತ್ತುವ ಹಕ್ಕು ನನಗಿಲ್ಲ.

2024ರ ಫೆಬ್ರುವರಿ. ನಮ್ಮ ಪಕ್ಕದ ಪಟ್ಟಣದಲ್ಲಿ ಇಬ್ಬರು ಸತ್ತರು. ಇಳಿದ ಹುಡುಗನಿಗೆ 24 ವರ್ಷ. ಎತ್ತಲು ಹೋದವನು ಅವನ ಸೋದರಮಾವ. ಸುದ್ದಿ ಬಂದಾಗ ನಮ್ಮ ಹುಡುಗರೆಲ್ಲ ಸೇರಿದೆವು. 'ನಾಳೆ ಕಚೇರಿ ಮುಂದೆ ಕೂರ್‍ಬೇಕು, ಮನವಿ ಬರಿ' ಅಂತ ನನ್ನ ಕೈಗೆ ಪೆನ್ನು ಕೊಟ್ಟರು. ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಮದುವೆಯ ಲಗ್ನಪತ್ರಿಕೆಯವರೆಗೆ, 'ಓದ್ದೋನವನೆ, ಅವನು ಬರೀಲಿ' ಅಂತಾರೆ. ಆ ರಾತ್ರಿ ಎರಡು ಬರೆದೆ. ಒಂದು ಮನವಿ, ಒಂದು ಕವಿತೆ. ಎರಡಕ್ಕೂ ಸೇರಿ ಮೂರು ಗಂಟೆ ಹಿಡಿಯಿತು. ಕವಿತೆಗೇ ಹೆಚ್ಚು ಹೊತ್ತು ಹಿಡಿದದ್ದು ಅಂತ ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮನವಿಯಲ್ಲಿ ಮೂರು ಬೇಡಿಕೆ. ಸತ್ತ ಪೌರಕಾರ್ಮಿಕರ ಕುಟುಂಬಕ್ಕೆ ತಲಾ ಹತ್ತು ಲಕ್ಷ ಪರಿಹಾರ ಕೊಡಬೇಕು. ಗುತ್ತಿಗೆದಾರನ ಮೇಲೆ ಕ್ರಮ ಕೈಗೊಳ್ಳಬೇಕು. ಇಂಥ ಅಮಾನುಷ ಪದ್ಧತಿಯ ವಿರುದ್ಧ ಸರ್ಕಾರ ಕಠಿಣ ಕಾನೂನು ತರಬೇಕು. ಹಳೆಯ ಯಾವುದೋ ಹೋರಾಟದ ಮನವಿ ಗೆಳೆಯರೊಬ್ಬರ ಹತ್ತಿರ ಇತ್ತು, ಅದನ್ನು ಮುಂದಿಟ್ಟುಕೊಂಡು ಬರೆದೆ. ಬೆಳಗ್ಗೆ ಹುಡುಗನ ತಾಯಿಯ ಹೆಬ್ಬೆಟ್ಟು ಹಾಕಿಸಿದೆವು. ಆಕೆ ಏನು ಬರೆದಿದೆ ಅಂತ ಕೇಳಲೂ ಇಲ್ಲ. ನಮ್ಮ ಮಕ್ಕಳು ಬರೆದಿದ್ದಾರೆ, ಇನ್ನೇನು ಕೇಳೋದು.

ಮೂರು ಬೇಡಿಕೆಯಲ್ಲಿ ಮೂರೂ ತಪ್ಪು.

ಹತ್ತು ಲಕ್ಷ ಅನ್ನೋದು 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ ಹೇಳಿದ ಮೊತ್ತ. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ಅಷ್ಟು ಕೊಡಬೇಕು ಎಂದಿತ್ತು. ಆದರೆ ನಾವು ಮನವಿ ಬರೆಯುವ ನಾಲ್ಕು ತಿಂಗಳ ಹಿಂದೆ, 2023ರ ಅಕ್ಟೋಬರ್ 20ರಂದು, ಬಲರಾಮ್ ಸಿಂಗ್ ಮೊಕದ್ದಮೆಯಲ್ಲಿ ಅದೇ ಕೋರ್ಟು ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತ್ತು. ಬೆಲೆ ಏರಿದೆ, ಹತ್ತು ಲಕ್ಷ ಈಗ ಹತ್ತು ಲಕ್ಷವಲ್ಲ ಎಂಬ ಲೆಕ್ಕ ಹಾಕಿಯೇ ಏರಿಸಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಪ್ರಯತ್ನವನ್ನೂ ಮಾಡಲಿಲ್ಲ.

ಕಠಿಣ ಕಾನೂನು ತನ್ನಿ ಅಂದೆವಲ್ಲ, ಆ ಕಾನೂನು ಬಂದು ಹತ್ತು ವರ್ಷ ದಾಟಿತ್ತು. 1993ರಲ್ಲಿ ಒಂದು ಕಾಯ್ದೆ, ಅದು ಮೊದಲು ಅನ್ವಯವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಮುಖ್ಯವಾಗಿ ಒಣ ಪಾಯಿಖಾನೆಗಳನ್ನು ಕುರಿತದ್ದು. ಆಮೇಲೆ 2013ರಲ್ಲಿ ಇನ್ನೊಂದು, ಬಾಬಾಸಾಹೇಬರ ಪರಿನಿಬ್ಬಾಣದ ದಿನವಾದ ಡಿಸೆಂಬರ್ 6ರಿಂದಲೇ ಜಾರಿಗೆ ಬಂದದ್ದು. ಅದರ ಏಳನೆಯ ಕಲಂ ಹೇಳುತ್ತದೆ: ಯಾವ ವ್ಯಕ್ತಿಯೂ, ಯಾವ ಸ್ಥಳೀಯ ಸಂಸ್ಥೆಯೂ, ಯಾವ ಏಜೆನ್ಸಿಯೂ ಒಳಚರಂಡಿಯ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಹಚ್ಚುವಂತಿಲ್ಲ. ಮೀರಿದರೆ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮೀರಿದರೆ ಐದು ವರ್ಷದವರೆಗೆ, ಐದು ಲಕ್ಷದವರೆಗೆ. ಜಾಮೀನು ಹಕ್ಕಾಗಿ ಸಿಗದ ಅಪರಾಧ ಅದು. 'ಪರೋಕ್ಷವಾಗಿ' ಎಂಬ ಆ ಒಂದು ಪದವನ್ನು ನೋಡಿ. ಕಚೇರಿಯವರು ಗುತ್ತಿಗೆದಾರನ ಬೆನ್ನ ಹಿಂದೆ ಅವಿತುಕೊಳ್ಳಬಾರದು ಅಂತಲೇ ಇಟ್ಟ ಪದ. ನಾವು ಏನು ಮಾಡಿದೆವು? ಗುತ್ತಿಗೆದಾರನ ಮೇಲೆ ಮಾತ್ರ ಕ್ರಮ ಕೇಳಿ, ಕಚೇರಿಯನ್ನು ನಮ್ಮ ಕೈಯಾರೆ ಆಚೆ ಬಿಟ್ಟೆವು.

ಇನ್ನು 'ಪೌರಕಾರ್ಮಿಕ'. ಇದು ಎಲ್ಲಕ್ಕಿಂತ ದೊಡ್ಡ ತಪ್ಪು, ಮತ್ತು ಇದು ಕವಿತೆಯಿಂದ ಮನವಿಗೆ ಇಳಿದ ತಪ್ಪು. ಕವಿತೆಯಲ್ಲಿ ಆ ಹುಡುಗ ಕೋಳಿ ಕೂಗುವ ಮುಂಚೆ ಪೊರಕೆ ಹಿಡಿದು ಊರು ಬೆಳಗಲು ಹೊರಟಿದ್ದ. ನನ್ನ ತಲೆಯೊಳಗಿದ್ದ ಚಿತ್ರ ಅದೇ. ನಮ್ಮವನು ಗುಂಡಿಯಲ್ಲಿ ಸತ್ತ ಅಂದರೆ ಪೊರಕೆ ಹಿಡಿದವನೇ ಇರಬೇಕು. ಅದನ್ನೇ ಮನವಿಯಲ್ಲೂ ಬರೆದೆ. ಕಚೇರಿಯವರು ಹಾಜರಿ ಪುಸ್ತಕ ತೆಗೆದು ತೋರಿಸಿದರು. 'ನೋಡ್ರಪ್ಪ, ಈ ಹೆಸರಿನ ಪೌರಕಾರ್ಮಿಕ ನಮ್ಮಲ್ಲಿಲ್ಲ. ನಮಗೂ ಇದಕ್ಕೂ ಸಂಬಂಧ ಇಲ್ಲ.' ಪರಿಹಾರದ ಮಾತು ಬಂದಾಗ ಅದೇ ಕಾಗದ ಮುಂದಿಟ್ಟು, 'ಹತ್ತು ಲಕ್ಷ ಅಂತ ನೀವೇ ಬರ್‍ಕೊಟ್ಟಿದ್ದೀರಲ್ಲ, ತಾಯಿ ಹೆಬ್ಬೆಟ್ಟೂ ಐತೆ' ಅಂದರು.

ಮೂರನೆಯ ದಿನ ಸಂತಾಪ ಸಭೆ. ನಾನು ಕವಿತೆ ಓದಿದೆ. ಚಪ್ಪಾಳೆ ಬಂತು. ಸಭೆ ಮುಗಿದ ಮೇಲೆ ಆ ತಾಯಿ ಹತ್ತಿರ ಬಂದು, ಬಯ್ಯಲಿಲ್ಲ, ಮೆಲ್ಲಗೆ ಹೇಳಿದಳು: 'ಮಗಾ, ಚೆನ್ನಾಗಿ ಓದ್ದೆ. ಆದ್ರೆ ನನ್ ಮಗ ಪೊರಕೆ ಹಿಡ್ದೋನಲ್ಲಪ್ಪ. ಅವನು ಡ್ರೈವರ್ರು. ಪಿಯುಸಿ ಪಾಸ್ ಮಾಡವ್ನೆ. ಲೈಸೆನ್ಸ್ ಐತೆ. ಗಾಡಿ ಪೈಪು ಕಟ್ಕೊಂತು, ಇಳ್ದು ನೋಡು ಅಂದ್ರಂತೆ. ಇಳ್ದ.'

ಟ್ಯಾಂಕರ್ ಗಾಡಿಯ ಡ್ರೈವರ್. ಪೊರಕೆಯಿಂದ ಮಗನನ್ನು ತಪ್ಪಿಸಬೇಕೆಂದು ಆ ತಾಯಿ ಎಷ್ಟು ಮನೆಯ ಪಾತ್ರೆ ತೊಳೆದಿದ್ದಳೋ. ತಪ್ಪಿಸಿಯೂ ಇದ್ದಳು. ಸತ್ತ ಮೇಲೆ ನಾನು, ಅವನ ಪರವಾಗಿ ಎದ್ದು ನಿಂತವನು, ಅವನ ಕೈಗೆ ಮತ್ತೆ ಪೊರಕೆ ಕೊಟ್ಟೆ. ಮೇಲ್ಜಾತಿಯ ಕಣ್ಣು ನಮ್ಮನ್ನು ನೋಡುವ ಹಾಗೆಯೇ ನನ್ನ ಕವಿತೆ ಅವನನ್ನು ನೋಡಿತ್ತು. ಇದಕ್ಕಿಂತ ಹೆಚ್ಚಿನ ವಿಮರ್ಶೆ ಆ ಕವಿತೆಗೆ ಬೇಕಿಲ್ಲ.

ನಮ್ಮಜ್ಜ ಸಾಹುಕಾರನ ಪತ್ರಕ್ಕೆ ಓದಲು ಬಾರದೆ ಹೆಬ್ಬೆಟ್ಟು ಒತ್ತಿದ್ದ. ಅದರಲ್ಲಿ ಅರ್ಧ ಎಕರೆ ಹೋಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳ್ತಾರೆ. ಆ ಅನ್ಯಾಯದ ಮೇಲೆ ನಾನೇ ಎರಡು ಕವಿತೆ ಬರೆದಿದ್ದೇನೆ. ಈ ತಾಯಿ ಹೆಬ್ಬೆಟ್ಟು ಒತ್ತಿದ್ದು ಯಾರ ಪತ್ರಕ್ಕೆ?

ಆಮೇಲೆ ಜಿಲ್ಲಾ ಕೇಂದ್ರದ ವಕೀಲೆಯೊಬ್ಬರು ಸಿಕ್ಕಿ ನಮ್ಮನ್ನು ಬಯ್ದು ಕೂರಿಸಿ ಕಾಗದಗಳನ್ನು ಓದಿಸಿದರು. ಪೊಲೀಸರು ಅಲಕ್ಷ್ಯದಿಂದಾದ ಸಾವು ಎಂದು ಮಾತ್ರ ದಾಖಲಿಸಿದ್ದರು. 2013ರ ಕಾಯ್ದೆಯ ಕಲಂ ಹಾಕಿರಲಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪರಿಶಿಷ್ಟರನ್ನು ಮಲ ಬಾಚುವ ಕೆಲಸಕ್ಕೆ ಹಚ್ಚುವುದನ್ನೇ ದೌರ್ಜನ್ಯಗಳ ಪಟ್ಟಿಗೆ ಸೇರಿಸಿದೆ, ಅದೂ ಇರಲಿಲ್ಲ. ಎಫ್.ಐ.ಆರ್. ಪ್ರತಿಯನ್ನು ನಾವ್ಯಾರೂ ಕೇಳಿ ಪಡೆದೇ ಇರಲಿಲ್ಲವಲ್ಲ, ಹೇಗೆ ಗೊತ್ತಾಗಬೇಕು. ಹೊಸ ಮನವಿ ಕೊಟ್ಟೆವು. ಮೊದಲ ಮನವಿ ಫೈಲಿನಿಂದ ಹೋಗಲಿಲ್ಲ. ಹೊಸದರ ಎದುರಿಗೆ ಹಳೆಯದನ್ನು ಇಟ್ಟು ಮಾತಾಡಿದರು. ಆ ಮನೆಯವರು ಎಷ್ಟು ಸಲ ಬಸ್ಸು ಹತ್ತಿ ಇಳಿದರು ಅಂತ ಬರೆಯುತ್ತಾ ಹೋದರೆ ಇದು ವಿಮರ್ಶೆಯಾಗುವುದಿಲ್ಲ.

ಈಗ ಗೆಳೆಯರ ಕವಿತೆಗಳಿಗೆ ವಾಪಸು ಬರ್ತೀನಿ. ಒಂದು ಕವಿತೆ ದಿಲ್ಲಿಯ ಮಂತ್ರಿಯನ್ನು ಸುಳ್ಳುಗಾರ ಅಂತ ಬಯ್ಯುತ್ತದೆ. ಹಿನ್ನೆಲೆ ಇದು: 2021ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಕೇಂದ್ರ ರಾಜ್ಯ ಸಚಿವ ರಾಮದಾಸ ಆಠವಲೆ, ಒಂದು ಕಾಲದ ದಲಿತ ಪ್ಯಾಂಥರ್, ಐದು ವರ್ಷಗಳಲ್ಲಿ ಮಲ ಬಾಚುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ ಎಂದು ಲಿಖಿತ ಉತ್ತರ ಕೊಟ್ಟರು. ಪ್ರಶ್ನೆ ಕೇಳಿದವರು ಮಲ್ಲಿಕಾರ್ಜುನ ಖರ್ಗೆ ಮತ್ತು ನಮ್ಮ ಕಾವ್ಯದವರೇ ಆದ ಎಲ್. ಹನುಮಂತಯ್ಯ. ಉತ್ತರ ಓದಿ ನಮ್ಮ ರಕ್ತ ಕುದಿಯಿತು. ನಮ್ಮ ಕವಿ ಮಂತ್ರಿಯ ನಾಲಗೆಯನ್ನು ಗುಂಡಿಗೆ ಎಸೆದಿದ್ದಾನೆ.

ಆದರೆ ಗೆಳೆಯಾ, ಅದು ಸುಳ್ಳಿಗಿಂತ ಕೆಟ್ಟದ್ದು. ಕಾಯ್ದೆಯಲ್ಲಿ ಎರಡು ಹೆಸರಿವೆ. ಕೈಯಿಂದ ಮಲ ಬಾಚುವವರು ಒಂದು, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆ ಇನ್ನೊಂದು. ಗುಂಡಿಯಲ್ಲಿ ಸತ್ತವರನ್ನು ಎರಡನೆಯ ಪಟ್ಟಿಗೆ ದೂಡಿಬಿಟ್ಟರೆ ಮೊದಲ ಪಟ್ಟಿಯಲ್ಲಿ ಸೊನ್ನೆ ಉಳಿಯುತ್ತದೆ. ಅದೇ ಇಲಾಖೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುವಾಗ ಒಳಚರಂಡಿಯಲ್ಲಿ ಸತ್ತವರ ಲೆಕ್ಕ ಕೊಟ್ಟಿದೆ. ಸಾಲದ್ದಕ್ಕೆ, ಸರ್ಕಾರ ಸೂಚಿಸಿದ ಸಲಕರಣೆ ಮತ್ತು ರಕ್ಷಣಾ ಕವಚ ತೊಟ್ಟು ಬಾಚಿದವನು ಮಲ ಬಾಚುವವನೇ ಅಲ್ಲ ಅಂತಲೂ ಕಾಯ್ದೆ ವಿವರಣೆ ಕೊಡುತ್ತದೆ. ಗ್ಲೌಸು ತೊಡಿಸಿದರೆ ಜಾತಿ ಹೋಗುತ್ತದೆಯೇ! ಹೆಸರು ಬದಲಿಸಿ ಹೆಣವನ್ನು ಮಾಯ ಮಾಡುವ ಈ ವಿದ್ಯೆ ನಮಗೆ ಹೊಸದಲ್ಲ. ನಮ್ಮನ್ನು ಏನೇನೋ ಹೆಸರಿಟ್ಟು ಕರೆದವರ ವಿದ್ಯೆಯೇ ಅದು. ಕವಿತೆ ಇದನ್ನು ಹಿಡಿದಿದ್ದರೆ ಎಂಥ ಕವಿತೆಯಾಗುತ್ತಿತ್ತು. ಕಾಯ್ದೆಯ ಆ ಎರಡು ಪುಟ ಓದದ್ದರಿಂದ ಸಿಟ್ಟೆಲ್ಲ ಒಬ್ಬ ಮಂತ್ರಿಯ ನಾಲಗೆಗೆ ಖರ್ಚಾಗಿ ಹೋಯಿತು. ಪದವೇ ನಮ್ಮ ಕಸುಬು ಅಂತೀವಿ. ಪದದಲ್ಲಿ ನಡೆದ ಕಳ್ಳತನ ನಮ್ಮ ಕಣ್ಣಿಗೇ ಬೀಳದಿದ್ದರೆ ಹೇಗೆ?

ಇನ್ನೆರಡು ಕವಿತೆ ಸವಣೂರನ್ನು ಕುರಿತವು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ, ಆಮೇಲೆ ಓದಿ ತಿಳಿದದ್ದು. ಎರಡು ಕವಿತೆಯಲ್ಲೂ ಮಲ ಇದೆ, ಮೈ ಇದೆ, ನಾಗರಿಕತೆಯ ಮುಖಕ್ಕೆ ಉಗಿಯುವುದಿದೆ. ಅವರು ಯಾತಕ್ಕೆ ಸುರಿದುಕೊಂಡರು ಎಂಬುದು ಎರಡರಲ್ಲೂ ಇಲ್ಲ. ತಲೆಮಾರುಗಳಿಂದ ಇದ್ದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಲು ಪುರಸಭೆ ಹೊರಟಿತ್ತು. ಅವರು ಕೇಳಿದ್ದು ಇರಲು ಜಾಗ, ಬದುಕಲು ಕೆಲಸ. ಸೈಟು, ಹಕ್ಕುಪತ್ರ, ಕಾಯಂ ನೌಕರಿ ಇವು ಕಾವ್ಯದ ಪದಗಳಲ್ಲವೇ? ಬಂಡಾಯ ಸಂಘಟನೆ ಕಟ್ಟಿದ 1979ರಲ್ಲಿ ಹಿರಿಯರು ಈ ಪ್ರಶ್ನೆಯನ್ನೇ ಕೇಳಿ ಕಾವ್ಯದ ಬಾಗಿಲು ಒಡೆದದ್ದು. ಮಲ ಸುರಿದುಕೊಂಡ ಚಿತ್ರ ಮಾತ್ರ ಎತ್ತಿಕೊಂಡು, ಜಾಗದ ಮಾತನ್ನು ಅಲ್ಲೇ ಬಿಟ್ಟು ಬಂದರೆ ನಮಗೂ ಅಂದು ಫೋಟೋ ತೆಗೆದು ಹೋದವರಿಗೂ ಏನು ವ್ಯತ್ಯಾಸ?

ಇದೆಲ್ಲ ನಮ್ಮ ಕಾಲದ ರೋಗ, ಮೊಬೈಲು ಬಂದ ಮೇಲೆ ಶುರುವಾದದ್ದು ಅಂತ ಹಿರಿಯರೊಬ್ಬರು ನನ್ನ ಹತ್ತಿರ ವಾದ ಮಾಡಿದರು. ನನಗೆ ಒಪ್ಪಿಗೆಯಿಲ್ಲ. 1973ರ ನವೆಂಬರಿನಲ್ಲಿ ಏನಾಯಿತು? ಮೈಸೂರಿನ ಸಭೆಯೊಂದರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅವರ ಮಾತು ಕೇಳಿದವರು ಒಂದು ಸಭೆಯಷ್ಟು ಜನ. ಬೀದಿಗಿಳಿದವರು ಊರೂರಿನ ವಿದ್ಯಾರ್ಥಿಗಳು. ಕನ್ನಡಕ್ಕೆ ಅವಮಾನವಾಯಿತು ಎಂದು ಕನ್ನಡದ ಪರವಾಗಿ ನಿಂತೆವು ಅಂದುಕೊಂಡವರು ಅವರು. ಯಾವ ಸಾಹಿತ್ಯವನ್ನು ಬೂಸಾ ಅಂದರು, ಯಾಕೆ ಅಂದರು, ಯಾವ ಮಾತಿನ ಮುಂದೆ ಹಿಂದೆ ಅಂದರು ಅಂತ ಕೇಳುವ ತಾಳ್ಮೆ ಎಷ್ಟು ಮಂದಿಗಿತ್ತು? ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರು ಏಟು ತಿಂದರು. ಕುವೆಂಪು ಅವರಂಥ ಕುವೆಂಪು ಬಸವಲಿಂಗಪ್ಪನವರ ಮಾತಿನಲ್ಲಿ ಹುರುಳಿದೆ ಅಂದರೂ ಕೇಳಲಿಲ್ಲ. ಅವರು ಮಂತ್ರಿಗಿರಿ ಬಿಡಬೇಕಾಯಿತು. ಇದೇ ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರು. ಕಕ್ಕಸ್ಸಿನ ಡಬ್ಬವನ್ನು ನಮ್ಮ ಜನರ ತಲೆಯಿಂದ ಇಳಿಸಿದ ಮನುಷ್ಯನನ್ನು, ಒಂದು ಪದದ ಮೇಲೆ, ಪೂರ್ತಿ ಕೇಳದೆ, ಇಳಿಸಿದರು. ಆ ಏಟಿನಿಂದಲೇ ದಲಿತ ಸಂಘರ್ಷ ಸಮಿತಿ ಹುಟ್ಟಲು ನೆಲ ಹದವಾಯಿತು ಎಂಬುದು ಬೇರೆ ಮಾತು.

ಅಂದು ತಿಳಿಯದೆ ಕೂಗಿದವರು ಅವರು, ಏಟು ತಿಂದವರು ನಾವು. ಹಾಗಾಗಿ ಈ ದೋಷ ನಮಗೆ ಅಂಟುವುದಿಲ್ಲ ಅಂದುಕೊಂಡಿದ್ದೆವು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಲೇಬೇಕು. 'ಮೊದಲು ತಿಳ್ಕೊಂಡು ಬಾ, ಆಮೇಲೆ ಮಾತಾಡು' ಅನ್ನೋದು ಯಾರ ಮಾತು? ಸಾವಿರಾರು ವರ್ಷ ಓದನ್ನು ಬಚ್ಚಿಟ್ಟುಕೊಂಡವರ ಮಾತಲ್ಲವೇ? ನಾವು ಕೆರೆಯ ನೀರು ಕೇಳಿದಾಗ ಶಾಸ್ತ್ರ ಓದಿದ್ದೀಯಾ ಅಂದರು. ಮೀಸಲಾತಿ ಕೇಳಿದಾಗ ಅರ್ಹತೆ ಎಲ್ಲಿ ಅಂದರು. ಈಗ ನೀನೂ ಸಿಟ್ಟಿಗೆ ಸರ್ಟಿಫಿಕೇಟು ಕೇಳ್ತೀಯಾ ಅಂತ ಹಾಸ್ಟೆಲಿನ ಹುಡುಗನೊಬ್ಬ ನನ್ನ ಮುಖಕ್ಕೇ ಹೇಳಿದ. ಸರಿಯಾದ ಪ್ರಶ್ನೆ. ನಾನು ಎರಡು ದಿನ ಅದನ್ನೇ ಯೋಚಿಸಿದೆ.

ಆ ತಾಯಿ ಯಾವ ಕಾಯ್ದೆಯನ್ನೂ ಓದಬೇಕಿಲ್ಲ. ಅವಳ ಸಂಕಟಕ್ಕೆ ಅಡಿಟಿಪ್ಪಣಿ ಬೇಡ. ಸವಣೂರಿನವರು ಮಲ ಸುರಿದುಕೊಳ್ಳುವ ಮುಂಚೆ ಯಾವ ಗ್ರಂಥಾಲಯಕ್ಕೂ ಹೋಗಬೇಕಿರಲಿಲ್ಲ. ಒಳಮೀಸಲಾತಿಯ ಗಲಾಟೆಯನ್ನೇ ನೋಡಿ. ಸದಾಶಿವ ಆಯೋಗದ ವರದಿ 2012ರಲ್ಲಿ ಸಲ್ಲಿಕೆಯಾಯಿತು, ವರ್ಷಗಟ್ಟಲೆ ಸದನದ ಮುಂದೆ ಬರಲಿಲ್ಲ. ಓದಲು ಸರ್ಕಾರ ಬಿಡದ ವರದಿಯ ಮೇಲೆ ಎರಡೂ ಕಡೆ ಘೋಷಣೆ ಕೂಗಿದೆವು. ಆದರೆ ಎರಡು ಕಡೆಯೂ ಸಮ ಅಲ್ಲ. ತಮ್ಮ ಪಾಲು ತಮಗೆ ಬಂದಿಲ್ಲ ಅನ್ನುವುದು ಮಾದಿಗ ಬಂಧುಗಳಿಗೆ ವರದಿ ಓದದೆಯೂ ಗೊತ್ತಿತ್ತು, ಅವರ ಮನೆಯ ಮಕ್ಕಳನ್ನು ನೋಡಿದರೆ ಸಾಕಿತ್ತು. ಬೇಡ ಅಂದ ನಮ್ಮವರಿಗೆ ಏನು ಗೊತ್ತಿತ್ತು? ನಾನು ಹೊಲಗೇರಿಯವನು. ಗುಂಡಿಯಲ್ಲಿ ಸತ್ತ ಹುಡುಗ ಮಾದಿಗರವನು. ನಮ್ಮೂರಲ್ಲಿ ಎರಡು ಕೇರಿಗೂ ನಡುವೆ ಒಂದು ಹುಣಸೇಮರ, ಅಷ್ಟೇ ದೂರ. ಅವರ ಹುಡುಗರು ಏನು ಕೆಲಸಕ್ಕೆ ಹೋಗ್ತಾರೆ, ಯಾರು ಕೂಲಿ ಕೊಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ. 'ದಲಿತ' ಅನ್ನುವ ಒಂದೇ ಪದದ ಕೆಳಗೆ ನಿಂತು, ನನಗೆಲ್ಲ ಗೊತ್ತಿದೆ ಅಂದುಕೊಂಡಿದ್ದೆ. ಆ ಹುಣಸೇಮರ ದಾಟಿ ಕೇಳಿದ್ದರೆ ಡ್ರೈವರ್ ಅನ್ನೋದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ನೊಂದವನ ಸಿಟ್ಟಿಗೆ ಯಾರೂ ಪರೀಕ್ಷೆ ಇಡಬಾರದು. ಆದರೆ ಅವನ ಪರವಾಗಿ ಮಾತಾಡ್ತೀನಿ ಅಂತ ಮೈಕು ಹಿಡಿದವನದು ಬೇರೆ ಲೆಕ್ಕ. ಅವನ ಮಾತು ಇನ್ನೊಬ್ಬರ ಬಾಯಲ್ಲಿ ದಾಖಲಾಗುತ್ತದೆ. ಹಾಸ್ಟೆಲ್ ಗೆಳೆಯನಿಗೆ ಇಷ್ಟೇ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. 'ಅಷ್ಟೆಲ್ಲ ನೋಡ್ತಾ ಕೂತ್ರೆ ಹೆಣ ಮಣ್ಣಾಗಿರ್ತದೆ' ಅಂದ. ಅದೂ ನಿಜವೇ. ಎಷ್ಟು ಹೊತ್ತು ಬೇಕಿತ್ತು ಅಂತ ಲೆಕ್ಕ ಹಾಕಿ ನೋಡಿದೆ. ತಾಯಿಯನ್ನು ಮಾತಾಡಿಸಲು ಅರ್ಧ ಗಂಟೆ. ಜೊತೆಗಿದ್ದ ಲೋಡರನ್ನು ಕೇಳಲು ಅರ್ಧ ಗಂಟೆ. ಠಾಣೆಯಲ್ಲಿ ಎಫ್.ಐ.ಆರ್. ಪ್ರತಿ, ಅದಕ್ಕೆ ಒಂದು ಬೆಳಗ್ಗೆ. ವಕೀಲರಿಗೆ ಒಂದು ಫೋನು. ಕವಿತೆಗೆ ನಾನು ಎರಡು ಗಂಟೆ ಕೊಟ್ಟಿದ್ದೆ.

ತಿಳಿದು ಹೋರಾಡಿದವರು ನಮ್ಮ ನಾಡಲ್ಲೇ ಇದ್ದಾರೆ. ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಮಲ ಬಾಚುವವರ ಮನೆಯಲ್ಲಿ. ನೊಂದವರ ಮಗ, ಸಿಟ್ಟಿನ ಹಕ್ಕು ಪೂರ್ತಿ ಇದ್ದವರು. ಆದರೂ ಅವರು ಸಿಟ್ಟಿನ ಜೊತೆಗೆ ಕಾಗದ ಹಿಡಿದರು. ಒಣ ಪಾಯಿಖಾನೆಗಳ ಫೋಟೋ ತೆಗೆದರು, ಅಧಿಕಾರಿಗಳಿಗೆ ಪತ್ರ ಬರೆದರು. ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ರಾಜ್ಯ ಸರ್ಕಾರಗಳು ನಮ್ಮಲ್ಲಿ ಈ ಪದ್ಧತಿಯೇ ಇಲ್ಲ ಅಂದವು. ಇದೆ ಅಂತ ಘೋಷಣೆ ಕೂಗಿದ್ದರೆ ಕೋರ್ಟು ಕೇಳುತ್ತಿತ್ತೇ? ಇವರು ಯಾವ ಊರಲ್ಲಿ, ಯಾವ ಕಕ್ಕಸ್ಸು, ಯಾರು ಬಾಚುತ್ತಾರೆ ಅಂತ ಫೋಟೋ ಸಮೇತ ತಂದು ಮುಂದಿಟ್ಟರು. ಹನ್ನೊಂದು ವರ್ಷ ನಡೆದ ಮೊಕದ್ದಮೆ ಅದು. ನಾನು ಮನವಿಯಲ್ಲಿ ಹಳೆಯ ಕಾಗದದಿಂದ ನಕಲು ಮಾಡಿದ ಆ 'ಹತ್ತು ಲಕ್ಷ' ಹುಟ್ಟಿದ್ದೇ ಅಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ಹಾರ ಹಾಕಿದ ಫೋಟೋ ಹಂಚಿಕೊಂಡೆವು. ಅವರು ಮಾಡಿದ ಕೆಲಸದ ರೀತಿಯನ್ನು ಮಾತ್ರ ಹಂಚಿಕೊಳ್ಳಲಿಲ್ಲ.

ಸಾಹಿತ್ಯದಲ್ಲೂ ಉದಾಹರಣೆಗೆ ದೂರ ಹೋಗಬೇಕಿಲ್ಲ. ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೇಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುವ ಭಾಗವಿದೆಯಲ್ಲ, ಅಲ್ಲಿ ಹಸಿವಿನ ಬಗ್ಗೆ ಭಾಷಣವಿಲ್ಲ. ಒಲೆಯ ಸುತ್ತ ಯಾರು ಎಲ್ಲಿ ಕೂರುತ್ತಾರೆ, ಸಿಪ್ಪೆ ಏನಾಗುತ್ತದೆ ಅಂತ ಗೊತ್ತಿದ್ದವರು ಮಾತ್ರ ಬರೆಯಬಹುದಾದ ಬರಹ ಅದು. ಓದುವಾಗ ಹಸಿವು ನಮ್ಮ ಹೊಟ್ಟೆಗೇ ಬರುತ್ತದೆ. ಅಷ್ಟನ್ನು ಎಲ್ಲರಿಂದ ಕೇಳುವುದು ಹೆಚ್ಚಾಯಿತು ಅಂದರೆ, ಸರಿ, ಕೇಳೋದಿಲ್ಲ. ಸತ್ತವನು ಡ್ರೈವರೋ ಪೌರಕಾರ್ಮಿಕನೋ ಅಂತ ತಿಳಿದುಕೊಳ್ಳಿ ಅಂತಷ್ಟೇ ಕೇಳ್ತಿದ್ದೀನಿ.

ಹನ್ನೊಂದನೆಯ ಕವಿತೆ ಉಳಿಯಿತು. ಆ ಡಿಗ್ರಿ ಹುಡುಗಿಯದು. ಛಂದಸ್ಸು ಅಲ್ಲಲ್ಲಿ ಕುಂಟುತ್ತದೆ, ಒಂದು ಕಡೆ ಪದವೂ ತಪ್ಪಿದೆ. ಅದರ ತುಂಬ ಇರುವುದು ಒಂದು ಹಗ್ಗ. ಅವಳ ದೊಡ್ಡಪ್ಪ ಗುಂಡಿ ಕೆಲಸಕ್ಕೆ ಹೋಗುತ್ತಿದ್ದವರಂತೆ. ಹಗ್ಗ ಎಲ್ಲಿಂದ ತಂದದ್ದು, ಎಷ್ಟು ಮಾರು, ಸೊಂಟಕ್ಕೆ ಯಾವ ಗಂಟು, ಒಂದು ಸಲ ಜಗ್ಗಿದರೆ ಬಕೆಟ್ಟು ಎತ್ತು, ಎರಡು ಸಲ ಜಗ್ಗಿದರೆ ನನ್ನನ್ನು ಎತ್ತು ಅಂತ ಅವರೊಳಗಿದ್ದ ಲೆಕ್ಕ, ಎಲ್ಲ ಕೇಳಿ ಬರೆದಿದ್ದಾಳೆ. ನಾತದ ಸುದ್ದಿಯೇ ಇಲ್ಲ. ಕೂಲಿ ಎಷ್ಟು, ಕೊಟ್ಟವರು ಯಾರು, ರಸೀತಿಗೆ ಯಾರ ಸಹಿ ಅಂತ ಮೂರು ಸಾಲು ಇದೆ. ಆ ಮೂರು ಸಾಲು ಕೋರ್ಟಿನಲ್ಲೂ ನಿಲ್ಲುತ್ತದೆ. ಕೊನೆಗೆ ಹಗ್ಗ ಈಗ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಗಿಸಲು ಕಟ್ಟಿದೆ, ಜಗ್ಗಿದರೆ ಯಾರೂ ಬರುವುದಿಲ್ಲ ಅಂತ ನಿಲ್ಲಿಸಿದ್ದಾಳೆ.

ಸಂಪಾದಕರೇ, ಇದನ್ನು ಅಚ್ಚು ಮಾಡಿ. ಪದದ ತಪ್ಪನ್ನು ಅವಳನ್ನೇ ಕೇಳಿ ತಿದ್ದಿ, ನೀವೇ ತಿದ್ದಬೇಡಿ. ಬೇರೆ ಒಂಬತ್ತನ್ನು ಬರೆದವರಿಗೆ ವಾಪಸು ಕಳಿಸುತ್ತಿದ್ದೇನೆ. ಪ್ರತಿಯೊಂದರ ಜೊತೆ ಒಂದು ಚೀಟಿಯಿದೆ, ಸತ್ತವನಿಗೆ ಕೂಲಿ ಕೊಡುತ್ತಿದ್ದವರು ಯಾರು ಅಂತ ಒಂದೇ ಪ್ರಶ್ನೆ. ನನ್ನದನ್ನು ನಾನೇ ಇಟ್ಟುಕೊಳ್ಳುತ್ತೇನೆ. ಮುಂದಿನ ವಾಯಿದೆ ಬರುವ ಸೋಮವಾರ, ಆ ತಾಯಿಯ ಜೊತೆ ಬೆಳಗ್ಗೆ ಆರೂವರೆಯ ಬಸ್ಸು ಹಿಡಿಯಬೇಕು.